ಶಿಬಿರದ ಸಮ್ಮೋಹನದಿಂದ ಅವ್ವನ ಹೊಟ್ಟೆನೋವು ಹೋಗುತ್ತದಾ?

ಮುಧೋಳದಿಂದ ನೀವು ಕೇಳಿದ್ದು ಇಷ್ಟು. ಅವ್ವನಿಗೆ 52 ವರ್ಷ. ಎರಡು ವರ್ಷದಿಂದ ಹೊಟ್ಟೆನೋವು, ಉಬ್ಬರ. ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ. ಎಂಡೋಸ್ಕೋಪಿ ಮಾಡಿಸಿದರೆ ನಾರ್ಮಲ್. ಬಿಪಿಗೂ ಸಕ್ಕರೆಗೂ ಮಾತ್ರೆ ನಡೆದಿದೆ. ಈಗ ಬಾಗಲಕೋಟೆಯ ಮಂಗಲ ಕಾರ್ಯಾಲಯವೊಂದರಲ್ಲಿ ಸಮ್ಮೋಹನ ಶಿಬಿರ ಇದೆಯಂತೆ. ಹೊಟ್ಟೆನೋವು, ಮಂಡಿನೋವು, ಸಕ್ಕರೆ ಕಾಯಿಲೆ, ಖಿನ್ನತೆ, ಕುಡಿತ ಎಲ್ಲಾ ಒಂದೇ ದಿನದಲ್ಲಿ ಮಾಯ ಅಂತ ಪಾಂಪ್ಲೆಟ್ ಬಂದಿದೆ. ಐದು ಸಾವಿರ ಕಟ್ಟಬೇಕಾ, ಬೇಡವಾ?

ಶಿಬಿರಕ್ಕೆ ಕಟ್ಟಬೇಡಿ. ಆದರೆ ಹಿಪ್ನೋಥೆರಪಿಯನ್ನೇ, ಅಂದ್ರೆ ಸಮ್ಮೋಹನದ ಚಿಕಿತ್ಸೆಯನ್ನೇ, ಬೋಗಸ್ ಅಂತ ತಳ್ಳಿಹಾಕಬೇಡಿ. ಯಾಕಂದ್ರೆ ಆ ಪಾಂಪ್ಲೆಟ್‌ನಲ್ಲಿರುವ ರೋಗಗಳ ಪೈಕಿ ಅದಕ್ಕೆ ಗಟ್ಟಿ ಪುರಾವೆ ಇರುವುದು ನಿಮ್ಮ ಅವ್ವನ ಥರದ ಹೊಟ್ಟೆ ತೊಂದರೆಗೇ.

ನನ್ನದು ವಿಜಯಪುರದಲ್ಲಿ ಔಷಧ ಅಂಗಡಿ. ನಾನು ಡಾಕ್ಟರ್ ಅಲ್ಲ. ಆದರೆ ನನಗೂ ಇಂಥದೇ ತೊಂದರೆ ಇದೆ. ಡಾಕ್ಟರುಗಳು ನನ್ನದಕ್ಕೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅನ್ನುತ್ತಾರೆ. ಕರುಳಿನಲ್ಲಿ ಗಾಯ ಇರಲ್ಲ, ಗಡ್ಡೆ ಇರಲ್ಲ. ಆದರೆ ಕರುಳಿನ ನರಗಳು ಸಣ್ಣದಕ್ಕೂ ಜೋರಾಗಿ ಸುದ್ದಿ ಕಳಿಸುತ್ತವೆ. ಬೇರೆಯವರಿಗೆ ಗೊತ್ತೂ ಆಗದ ಗ್ಯಾಸು ನಮಗೆ ನೋವಾಗುತ್ತದೆ. ನೋವಿಗೆ ಹೆದರಿದರೆ ಕರುಳು ಇನ್ನಷ್ಟು ಹಿಂಡುತ್ತದೆ. ಬೆಳಗಾವಿ ಬಸ್ ಹತ್ತುವಾಗ ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿ ಸಿಗುತ್ತದೆ ಅಂತ ಲೆಕ್ಕ ಹಾಕಿಕೊಂಡೇ ಕೂರುತ್ತಿದ್ದೆ. ಈ ಕಾಯಿಲೆ ಇದ್ದವರಿಗೆ ಮಾತ್ರ ಇದು ಅರ್ಥ ಆದೀತು.

ಇಲ್ಲಿ ನೋವು ಹುಟ್ಟುವುದೇ ಕರುಳು ಮತ್ತು ಮಿದುಳಿನ ನಡುವಿನ ಮಾತುಕತೆಯಲ್ಲಿ. ಅದಕ್ಕೇ ಸಮ್ಮೋಹನಕ್ಕೆ ಇಲ್ಲಿ ಹಿಡಿತ ಸಿಗುತ್ತದೆ. 1984ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಡಾಕ್ಟರ್ ಪೀಟರ್ ವೋರ್ವೆಲ್ ಮತ್ತು ಸಂಗಡಿಗರು ಯಾವ ಔಷಧಿಗೂ ಬಗ್ಗದ 30 ರೋಗಿಗಳನ್ನು ತೆಗೆದುಕೊಂಡರು. ಅರ್ಧ ಜನಕ್ಕೆ ಸಮ್ಮೋಹನ. ಉಳಿದವರಿಗೆ ಮಾತಿನ ಚಿಕಿತ್ಸೆ, ಜೊತೆಗೆ ಔಷಧಿ ಇಲ್ಲದ ಸುಳ್ಳು ಮಾತ್ರೆ. ಮೂರು ತಿಂಗಳಲ್ಲಿ ಎರಡೂ ಗುಂಪಿನ ನಡುವೆ ಎದ್ದು ಕಾಣುವ ವ್ಯತ್ಯಾಸ ಬಂತು. ಸಮ್ಮೋಹನದ ಗುಂಪು ಬಹಳ ಸುಧಾರಿಸಿತ್ತು. ಮುಂದೆ 2015ರಲ್ಲಿ ಅದೇ ಕೇಂದ್ರದವರು ತಮ್ಮ ಸಾವಿರ ರೋಗಿಗಳ ಲೆಕ್ಕ ಕೊಟ್ಟರು. ನೂರಕ್ಕೆ 76 ಜನಕ್ಕೆ ಗುಣ ಕಂಡಿತ್ತು. ಇದರಲ್ಲಿ ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ, ಹಾಗಾಗಿ ನಾನು ಈ ಅಂಕಿಯನ್ನು ಸ್ವಲ್ಪ ತಗ್ಗಿಸಿಯೇ ಓದುತ್ತೇನೆ. ಆದರೂ ವರ್ಷ ಔಷಧಿ ತಿಂದರೂ ಬಗ್ಗದ ಐಬಿಎಸ್‌ಗೆ ಇದನ್ನೂ ಯೋಚಿಸಬಹುದು ಅಂತ ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯಲ್ಲೇ ಇದೆ.

ಆಸ್ಟ್ರೇಲಿಯಾದಲ್ಲಿ 2016ರ ಇನ್ನೊಂದು ಪ್ರಯೋಗ ನನಗೆ ಜಾಸ್ತಿ ಹಿಡಿಸಿತು. ಐಬಿಎಸ್‌ಗೆಂದೇ ಇರುವ ಪಥ್ಯ ಒಂದು ಕಡೆ, ಸಮ್ಮೋಹನ ಇನ್ನೊಂದು ಕಡೆ. ಎರಡೂ ಹತ್ತಿರ ಹತ್ತಿರ ಒಂದೇ ಫಲ ಕೊಟ್ಟವು, ನೂರಕ್ಕೆ 70ರ ಆಸುಪಾಸು. ಆ ಪಥ್ಯ ಅಂದ್ರೆ ಉಳ್ಳಾಗಡ್ಡಿ ಬಿಡಬೇಕು, ಬೆಳ್ಳುಳ್ಳಿ ಬಿಡಬೇಕು, ಕಾಳಿನ ಪಲ್ಯ, ಗೋಧಿ ಎಲ್ಲಾ ಕಡಿಮೆ ಮಾಡಬೇಕು. ಜೋಳದ ರೊಟ್ಟಿ ನಡೆಯುತ್ತದೆ, ಅದೊಂದು ಪುಣ್ಯ. ಆದರೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದೆ ನಮ್ಮ ಕಡೆ ಯಾವ ಮನೆಯ ಅಡುಗೆ ನಡೆಯುತ್ತದೆ, ಹೇಳಿ! ನಾನು ಕಣ್ಣು ಮುಚ್ಚಿ ಕೂರುವ ದಾರಿಯನ್ನೇ ಹಿಡಿದೆ.

ಅಲ್ಲಿ ನಡೆಯುವುದು ಸಿನಿಮಾದಲ್ಲಿ ತೋರಿಸುವ ಥರ ಅಲ್ಲ. ಗಡಿಯಾರ ಆಡಿಸಲಿಲ್ಲ. ಪ್ರಜ್ಞೆ ತಪ್ಪಲಿಲ್ಲ. ಹೊರಗಿನ ಆಟೊ ಹಾರ್ನ್ ಕೂಡ ಕೇಳುತ್ತಿತ್ತು. ಮನಃಶಾಸ್ತ್ರಜ್ಞೆ ಮೊದಲು ಉಸಿರಿನ ಮೇಲೆ ಗಮನ ಇಡಿಸಿ ಮೈ ಸಡಿಲ ಮಾಡಿಸಿದರು. ಆಮೇಲೆ ಕೈಯನ್ನು ಹೊಟ್ಟೆ ಮೇಲೆ ಇಟ್ಟು, ಅಂಗೈ ಬಿಸಿ ಒಳಗೆ ಇಳಿಯುತ್ತಿದೆ ಅಂದುಕೊಳ್ಳಿ ಅಂದರು. ನದಿಯೊಂದು ರಭಸ ಕಳೆದುಕೊಂಡು ಸಮವಾಗಿ ಹರಿಯುವುದನ್ನು ನೆನೆಸಿಕೊಳ್ಳಬೇಕು. ಕೈ ಬಿಸಿ, ನದಿ, ಎರಡೂ ಮ್ಯಾಂಚೆಸ್ಟರ್ ಪದ್ಧತಿಯವೇ. ಅಲ್ಲಿ ಯಾವ ನದಿಯೋ, ನನಗೆ ಬಂದದ್ದು ಕೃಷ್ಣೆ. ನಿಮ್ಮ ಅವ್ವನಿಗೆ ಘಟಪ್ರಭೆ ಬರಬಹುದು. ಅದೇ ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಟ್ಟರು, ದಿನಾ ಮನೆಯಲ್ಲಿ ಕೇಳಬೇಕು. ವಾರಕ್ಕೊಮ್ಮೆ ಭೇಟಿ, ಮೂರು ತಿಂಗಳು. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ನಿಧಾನಕ್ಕೆ ನೋವಿನ ದಿನ ಕಡಿಮೆಯಾದವು. ಈಗಲೂ ಮದುವೆ ಊಟ ಆದ ಮರುದಿನ ಕಾಟ ಇದ್ದೇ ಇದೆ. ಪೂರ್ತಿ ಹೋಗಿಲ್ಲ. ಆದರೆ ಬಸ್ ಹತ್ತುವಾಗ ಆ ಲೆಕ್ಕ ಹಾಕುವುದು ನಿಂತಿದೆ.

ಹೀಗಾಗಿ ‘ಒಂದೇ ದಿನ’ ಅನ್ನುವ ಮಾತಿನಲ್ಲೇ ಮೋಸ ಇದೆ. ಇದು ದಿನಾ ರೂಢಿ ಮಾಡಿಕೊಳ್ಳುವ ಕೆಲಸ. ಮುನ್ನೂರು ಜನರನ್ನು ಒಟ್ಟಿಗೆ ಕೂರಿಸಿ ಮೈಕಿನಲ್ಲಿ ಹೇಳಿದರೆ ಆಗುವುದಲ್ಲ. ಜೊತೆಗೆ ಎಲ್ಲರೂ ಒಂದೇ ಥರ ಸಮ್ಮೋಹನಕ್ಕೆ ಒಳಗಾಗುವುದೂ ಇಲ್ಲ. ಕೆಲವರು ಬೇಗ ಇಳಿಯುತ್ತಾರೆ, ಕೆಲವರು ಏನು ಮಾಡಿದರೂ ಇಲ್ಲ, ಬಹಳಷ್ಟು ಜನ ನಡುವೆ. ವೇದಿಕೆಗೆ ಕರೆದು ತೋರಿಸುವುದು ಆ ಮೊದಲನೆಯ ಗುಂಪಿನವರನ್ನು ಮಾತ್ರ.

ಬೇರೆ ಯಾವುದಕ್ಕೆ ಉಪಯೋಗ? ಮುಖ್ಯವಾಗಿ ನೋವಿಗೆ. 1845ರಲ್ಲಿ, ಅರಿವಳಿಕೆ ಔಷಧಿ ಇನ್ನೂ ಬಳಕೆಗೆ ಬರದ ಕಾಲದಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ಸರ್ಜನ್ ಈ ಥರದ ವಿಧಾನದಿಂದಲೇ ದೊಡ್ಡ ದೊಡ್ಡ ಗಡ್ಡೆ ಕೊಯ್ದು ತೆಗೆಯುತ್ತಿದ್ದ. ಈಥರ್, ಕ್ಲೋರೊಫಾರ್ಮ್ ಬಂದ ಮೇಲೆ ಅದು ಮೂಲೆಗೆ ಬಿತ್ತು, ಸರಿಯಾಗೇ ಬಿತ್ತು. ಇವತ್ತು ಅದು ಔಷಧಿಯ ಜೊತೆಗೆ: ಸುಟ್ಟಗಾಯದ ಡ್ರೆಸಿಂಗ್, ಹಲ್ಲು ಕೀಳಿಸುವ ಭಯ, ಆಪರೇಷನ್‌ಗೆ ಮುಂಚಿನ ಆತಂಕ. ಇನ್ನೊಂದು ಮಾತು, ಅವ್ವನಿಗೆ 52 ಅಂದ್ರಿ. ಮುಟ್ಟು ನಿಲ್ಲುವ ವಯಸ್ಸು. ರಾತ್ರಿ ಮೈ ಬಿಸಿಯಾಗಿ ಬೆವರಿ ಎದ್ದು ಕೂರುತ್ತಾರಾ? ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 187 ಹೆಂಗಸರ ಪೈಕಿ ಸಮ್ಮೋಹನ ಪಡೆದವರಿಗೆ 12 ವಾರದಲ್ಲಿ ಆ ಬಿಸಿ ಏರುವುದು ನೂರಕ್ಕೆ 74ರಷ್ಟು ಕಡಿಮೆಯಾಯಿತು. ಇನ್ನೊಂದು ಗುಂಪಿಗೆ 17ರಷ್ಟು ಮಾತ್ರ.

ಚಟ ಬಿಡಿಸುವ ವಿಷಯದಲ್ಲಿ ಪಾಂಪ್ಲೆಟ್ ಜೋರು, ಪುರಾವೆ ಸಪ್ಪೆ. ಸಿಗರೇಟ್ ಬಿಡಿಸುವ ಬಗ್ಗೆ 14 ಅಧ್ಯಯನ ಸೇರಿಸಿ ನೋಡಿದ, ಕಾಕ್ರೇನ್ ಎಂಬ ಸಂಸ್ಥೆಯ 2019ರ ವಿಮರ್ಶೆ, ಬೇರೆ ವಿಧಾನಗಳಿಗಿಂತ ಇದು ಮೇಲು ಅನ್ನಲು ಸಾಕಷ್ಟು ಆಧಾರ ಇಲ್ಲ ಅಂದಿತು. ಸಕ್ಕರೆ ಕಾಯಿಲೆಯನ್ನು ಸಮ್ಮೋಹನ ವಾಸಿ ಮಾಡುವುದಿಲ್ಲ. ಇಂಥ ಮಾತು ಕೇಳಿ ಮಾತ್ರೆ ನಿಲ್ಲಿಸಿದವರು ಕೊನೆಗೆ ಇನ್ಸುಲಿನ್ ಚೀಟಿ ಹಿಡಿದು ನನ್ನ ಅಂಗಡಿಗೇ ಬಂದಿದ್ದಾರೆ. ಅವ್ವನ ಒಂದು ಮಾತ್ರೆಯನ್ನೂ ತಪ್ಪಿಸಬೇಡಿ. ಇಲ್ಲದ್ದು ಕಾಣಿಸುವ, ಕೇಳಿಸುವ ಕಾಯಿಲೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅವರನ್ನಂತೂ ಇಂಥ ಕಡೆ ಕರೆದುಕೊಂಡು ಹೋಗಲೇಬೇಡಿ. ಹಿಂದಿನ ಜನ್ಮ ತೋರಿಸುತ್ತೇವೆ ಅನ್ನುವವರ ಹತ್ತಿರವೂ ಸುಳಿಯಬೇಡಿ. ಆ ಸ್ಥಿತಿಯಲ್ಲಿ ನಡೆಯದ ಘಟನೆಯೂ ನಡೆದಂತೆ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಈಗ ಮಾಡಬೇಕಾದದ್ದು. ಎಂಡೋಸ್ಕೋಪಿ ನಾರ್ಮಲ್ ಅಂತ ನೀವೇ ಐಬಿಎಸ್ ಎಂದು ತೀರ್ಮಾನಿಸಬೇಡಿ. ತೂಕ ಇಳಿದಿದೆಯಾ, ಮಲದಲ್ಲಿ ರಕ್ತ ಇದೆಯಾ, ರಕ್ತಹೀನತೆ ಇದೆಯಾ ಅಂತ ಡಾಕ್ಟರಿಗೆ ಹೇಳಿ. ಐವತ್ತರ ಹತ್ತಿರ ಬಂದ ಹೆಂಗಸರಿಗೆ ಹೊಸದಾಗಿ ಈ ತೊಂದರೆ ಶುರುವಾದರೆ ಅಂಡಾಶಯದ ಕ್ಯಾನ್ಸರ್ ಅಲ್ಲ ಅಂತ ನೋಡಿಕೊಳ್ಳಲೇಬೇಕು. ಇದನ್ನು ನೀವೇ ಬಾಯಿ ಬಿಟ್ಟು ಕೇಳಿ.

ಅದೆಲ್ಲ ಮುಗಿದ ಮೇಲೆ ಮನೋವೈದ್ಯರು ಇಲ್ಲವೇ ಕ್ಲಿನಿಕಲ್ ಸೈಕಾಲಜಿಸ್ಟ್. ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮೆಡಿಕಲ್ ಕಾಲೇಜುಗಳಿವೆ. ಸಮ್ಮೋಹನ ಕಲಿತವರು ಎಲ್ಲಾ ಕಡೆ ಇರಲ್ಲ, ಮೊದಲೇ ಫೋನ್ ಮಾಡಿ. ಸಿಗದಿದ್ದರೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ ಐಬಿಎಸ್‌ಗೆ ಕೆಲಸ ಮಾಡುತ್ತದೆ. ಇಂಗ್ಲಿಷ್ ಆ್ಯಪ್‌ಗಳಿಗೆ ದುಡ್ಡು ಹಾಕಬೇಡಿ. ಅವ್ವನಿಗೆ ಅವರ ಭಾಷೆಯಲ್ಲೇ ಹೇಳುವವರು ಬೇಕು.

‘ನಾನೇನು ಹುಚ್ಚಿ ಏನೋ’ ಅಂತ ಅವ್ವ ಬೈಯಬಹುದು. ಹೊಟ್ಟೆಗೇ ಹೋಗುತ್ತಿರುವುದು ಅನ್ನಿ, ಅದು ನಿಜವೂ ಹೌದು. ನಿದ್ದೆ, ಆತಂಕದ ಬಗ್ಗೆ ಮೊದಲು ಫೋನಿನಲ್ಲೇ ಕೇಳಬೇಕು ಅಂದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.