ಗೆಳೆಯನೇ ಸುಟ್ಟ, ಎಬ್ಬಿಸಲೂ ಇಲ್ಲ

ಪ್ರಶ್ನೆ: ನನಗೆ 29 ವರ್ಷ. ಎಂಜಿನಿಯರಿಂಗ್ ಹಾಸ್ಟೆಲ್‌ನ ನಾಲ್ವರು ಗೆಳೆಯರು ಈಗ ಬೆಂಗಳೂರು, ಹುಬ್ಬಳ್ಳಿ, ಪುಣೆ, ಡಬ್ಲಿನ್‌ಗಳಲ್ಲಿ ಇದ್ದೇವೆ. ಶನಿವಾರ ರಾತ್ರಿ ಆನ್‌ಲೈನ್‌ನಲ್ಲಿ ಮ್ಯಾಜಿಕಾ ಎಂಬ ವಿಡಿಯೋ ಗೇಮ್ ಆಡುತ್ತಿದ್ದೆವು. ಹುಬ್ಬಳ್ಳಿಯವನು ಬೇಕಂತಲೇ ನನ್ನನ್ನು ಸುಡುತ್ತಾನೆ. ನಾನು ಸತ್ತು ಬಿದ್ದರೆ ‘ಇವನಿಗೆ ಮತ್ತೆ ಬ್ಯಾಕ್‌ಲಾಗ್’ ಎಂದು ನಗುತ್ತಾನೆ. ಓದುವಾಗ ನನ್ನ ಕೆಲವು ಪೇಪರ್ ಉಳಿದಿದ್ದು ನಿಜ. ಹೋದ ತಿಂಗಳು ಸಿಟ್ಟಿನಲ್ಲಿ ವಾಟ್ಸ್‌ಆ್ಯಪ್ ಗ್ರೂಪ್ ಬಿಟ್ಟೆ. ಡಬ್ಲಿನ್‌ನವನೊಬ್ಬ ಮೆಸೇಜ್ ಮಾಡಿದ್ದಾನೆ. ಆಟಕ್ಕೋಸ್ಕರ ಯಾರಾದರೂ ಹೀಗೆ ಮಾಡುತ್ತಾರಾ ಎಂದು ಹೆಂಡತಿ ಕೇಳುತ್ತಾಳೆ. ನಾನು ಅತಿ ಮಾಡಿದೆನಾ?

ಉತ್ತರ: ಸುಟ್ಟಿದ್ದಕ್ಕೆ ಸಿಟ್ಟಾಗಿದ್ದರೆ, ಹೌದು, ಅತಿ. ಮ್ಯಾಜಿಕಾ ಇರುವುದೇ ಹಾಗೆ. ಸ್ವೀಡನ್ನಿನ ಆ್ಯರೋಹೆಡ್ ಸ್ಟುಡಿಯೋದವರು 2011ರಲ್ಲಿ ಬಿಟ್ಟ ಈ ಆಟದಲ್ಲಿ ನಾಲ್ಕು ಮಂತ್ರವಾದಿಗಳು, ಎಂಟು ಧಾತುಗಳು. ನೀರು, ಬೆಂಕಿ, ಮಿಂಚು, ಜೀವ ಇವನ್ನೆಲ್ಲ ಸೇರಿಸಿ ಮಂತ್ರ ಹಾಕಬೇಕು. ಹಾಕಿದ ಮಂತ್ರಕ್ಕೆ ಶತ್ರು ಯಾರು, ಗೆಳೆಯ ಯಾರು ಗೊತ್ತಾಗುವುದಿಲ್ಲ. ಒಬ್ಬ ಗುಣಪಡಿಸಲು ಬಿಟ್ಟ ಕಿರಣಕ್ಕೆ ಇನ್ನೊಬ್ಬನ ಕೊಲ್ಲುವ ಕಿರಣ ಅಡ್ಡ ಬಂದರೆ ಇಬ್ಬರೂ ಹಾರಿ ಹೋಗುತ್ತಾರೆ. ಈ ಜಗಳ ಹೊಸದೂ ಅಲ್ಲ. 1985ರ ಗಾಂಟ್ಲೆಟ್ ಎಂಬ ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರದ) ಆಟದಲ್ಲೂ ನಾಲ್ವರು ನೆಲಮಾಳಿಗೆಗೆ ನುಗ್ಗುತ್ತಿದ್ದರು. ಹಸಿದವನ ಮುಂದಿದ್ದ ಊಟಕ್ಕೆ ಪಕ್ಕದವನೇ ಹೊಡೆದು ಹಾಳು ಮಾಡುತ್ತಿದ್ದ. ಆ ಗಾಂಟ್ಲೆಟ್ಟನ್ನು 2014ರಲ್ಲಿ ಮತ್ತೆ ಮಾಡಿದವರೂ ಇದೇ ಆ್ಯರೋಹೆಡ್‌ನವರು. ಅವರಿಗೆ ಇದೊಂದು ಚಟ ಅಂತ ಕಾಣುತ್ತದೆ.

ಹಾಗಾಗಿ ಕೊಂದಿದ್ದನ್ನು ಬಿಡಿ. ಆಮೇಲೆ ಏನಾಯಿತು ಅನ್ನುವುದು ಮುಖ್ಯ. ಸತ್ತವನನ್ನು ಎಬ್ಬಿಸಲು ಜೀವ ಮತ್ತು ಮಿಂಚು, ಎರಡೇ ಧಾತು ಸಾಕು. ಒಂದು ಸೆಕೆಂಡಿನ ಕೆಲಸ. (ಎಬ್ಬಿಸುವವನ ಮೈ ಒದ್ದೆಯಾಗಿದ್ದರೆ ಮಿಂಚು ಅವನಿಗೇ ಹೊಡೆಯುತ್ತದೆ. ಮೊದಲು ತನಗೆ ತಾನೇ ಬೆಂಕಿ ಹಚ್ಚಿಕೊಂಡು ಒಣಗಬೇಕು. ಅಷ್ಟು ವಿನಾಯಿತಿ ಕೊಡಿ.) ನಿಮ್ಮ ಗೆಳೆಯ ತಕ್ಷಣ ಎಬ್ಬಿಸುತ್ತಾನಾ, ಇಲ್ಲ ನೀವು ಬಿದ್ದಿರುವಾಗಲೇ ಹಳೇ ಮಾತು ತೆಗೆದು ಎಲ್ಲರನ್ನೂ ನಗಿಸುತ್ತಾನಾ? ನೀವು ಬರೆದಿರುವುದು ಎರಡನೆಯದನ್ನು. ಬ್ಯಾಕ್‌ಲಾಗ್ ಮಾತು ಆಟದ ನಿಯಮದಲ್ಲಿಲ್ಲ, ಅಲ್ವಾ? ಅದು ಅವನು ಹೊರಗಿನಿಂದ ತಂದದ್ದು. ಅದು ನೋಯಿಸಿದ್ದರೆ ನೀವು ಅತಿ ಮಾಡಿಲ್ಲ. ಹೆಂಡತಿಗೂ ಇದನ್ನೇ ಹೇಳಿ, ಅವರಿಗೆ ಬರೀ ಆಟದ ಕಥೆ ತಲುಪಿರಬೇಕು.

ಆದರೆ ಗ್ರೂಪ್ ಬಿಟ್ಟ ರೀತಿ ನನಗೆ ಹಿಡಿಸಲಿಲ್ಲ. ಯಾಕೆ ಬಿಟ್ಟಿರಿ ಎಂದು ಅವರ್ಯಾರಿಗೂ ಗೊತ್ತಿಲ್ಲ. ಆಟದಲ್ಲಿ ಸೋತಿದ್ದಕ್ಕೆ ಮುನಿಸಿಕೊಂಡ ಎಂದೇ ಹುಬ್ಬಳ್ಳಿಯವನು ತಿಳಿದಿರುತ್ತಾನೆ. ಭಾನುವಾರ ಬೆಳಿಗ್ಗೆ ಅವನಿಗೊಬ್ಬನಿಗೇ ಫೋನ್ ಮಾಡಿ. ಮೆಸೇಜ್ ಬೇಡ. ‘ಎಷ್ಟು ಬೇಕಾದರೂ ಸುಡು ಮಾರಾಯ, ಆ ಬ್ಯಾಕ್‌ಲಾಗ್ ಮಾತು ಮಾತ್ರ ಬಿಡು’ ಅನ್ನಿ. ಅಷ್ಟೇ ಸಾಕು. ಹಾಸ್ಟೆಲ್‌ನ ಹಳೇ ಲೆಕ್ಕವೆಲ್ಲ ಬಿಚ್ಚಬೇಡಿ. ‘ತಮಾಷೆಗೆ ಅಂದೆ ಕಣೋ’ ಎನ್ನುತ್ತಾನೆ. ಅನ್ನಲಿ, ವಾದಕ್ಕೆ ಇಳಿಯಬೇಡಿ. ಅವನು ಕೇಳಿಸಿಕೊಂಡನೋ ಇಲ್ಲವೋ ಮುಂದಿನ ಶನಿವಾರ ತಿಳಿಯುತ್ತದೆ. ಬಾಯಿ ತಪ್ಪಿ ಒಮ್ಮೆ ಬಂದರೆ ಬಿಡಿ. ಮತ್ತೆ ಮತ್ತೆ ಬಂದರೆ ಅವನ ಜೊತೆ ಆಡುವುದನ್ನು ನಿಲ್ಲಿಸಿ.

ಮ್ಯಾಜಿಕಾಕ್ಕೆ ನಾಲ್ವರೇ ಬೇಕೆಂದಿಲ್ಲ, ಇಬ್ಬರಿದ್ದರೂ ನಡೆಯುತ್ತದೆ. ಅಂದ ಹಾಗೆ, ಡಬ್ಲಿನ್‌ನವನ ಮೆಸೇಜ್‌ಗೆ ಉತ್ತರ ಕೊಟ್ಟಿರಾ? ಅದನ್ನು ಪತ್ರದಲ್ಲಿ ಬರೆದೇ ಇಲ್ಲ.