ತಾರ್ದೋನಾದಿಂದ ಶುರು ಮಾಡಿ

ನಮಸ್ಕಾರ. ಹಂಗೇರಿಯ ಕಾದಂಬರಿಕಾರ ಯೋಕಾಯಿ ಮೋರ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರುತ್ತಿಲ್ಲ.

1825ರಲ್ಲಿ ಕೊಮಾರೋಮ್ ಊರಿನಲ್ಲಿ ಹುಟ್ಟಿದರು ಅಂತ ಶುರುವಾಗಿ, 1904ರಲ್ಲಿ ತೀರಿಕೊಂಡರು ಅಂತ ಮುಗಿಯುತ್ತದೆ. ನಡುವೆ ಬರೀ ಕಾದಂಬರಿಗಳ ಹೆಸರು. ‘ಮಹಾನ್ ಸಾಹಿತಿ’ ಆರು ಸಲ ಬಂದಿದೆ. ಆರನ್ನೂ ತೆಗೆಯಿರಿ.

ಏಳನೇ ಪುಟದಲ್ಲಿ ‘ಕ್ರಾಂತಿ ಸೋತ ಮೇಲೆ ಸ್ವಲ್ಪ ಕಾಲ ತಲೆಮರೆಸಿಕೊಂಡಿದ್ದರು’ ಎಂದಿದ್ದೀರಿ. ಅಷ್ಟೇನಾ? ನಿಮ್ಮ ಲೇಖನ ಇರುವುದೇ ಅಲ್ಲಿ!

1848ರ ಮಾರ್ಚ್ 15ರಂದು ಪೆಷ್ಟ್ ನಗರದಲ್ಲಿ ಕವಿ ಪೆಟೋಫಿ ಜೊತೆ ಆಸ್ಟ್ರಿಯಾದ ಆಳ್ವಿಕೆಯ ವಿರುದ್ಧದ ಕ್ರಾಂತಿಯ ಮುಂಚೂಣಿಯಲ್ಲಿ ನಿಂತಾಗ ಯೋಕಾಯಿಗೆ 23 ವರ್ಷ. ಅದೇ ವರ್ಷ ನಟಿ ರೋಜಾ ಲಬೊರ್ಫಾಲ್ವಿಯನ್ನು ಮದುವೆಯಾದರು. ಆಕೆ ವಯಸ್ಸಿನಲ್ಲಿ ದೊಡ್ಡವರು. ಯೋಕಾಯಿಯ ತಾಯಿ ಒಪ್ಪಲಿಲ್ಲ, ಪೆಟೋಫಿ ಮುನಿಸಿಕೊಂಡರು. ಮರುವರ್ಷ ಆಗಸ್ಟಿನಲ್ಲಿ ಹಂಗೇರಿಯ ಸೇನೆ ಶರಣಾಯಿತು. ಯೋಕಾಯಿ ಬೆಟ್ಟಸೀಮೆಯ ತಾರ್ದೋನಾ ಹಳ್ಳಿಯಲ್ಲಿ ಅಡಗಿ ಕೂತರು. ಕೊನೆಯವರೆಗೂ ಬಗ್ಗದೆ ನಿಂತಿದ್ದು ಕೊಮಾರೋಮ್ ಕೋಟೆ. ಒಳಗಿದ್ದ ಸೈನಿಕರಿಗೆ ಏನೂ ಮಾಡಬಾರದು ಎಂಬ ಷರತ್ತಿನ ಮೇಲೆ ಅದನ್ನು ಬಿಟ್ಟುಕೊಟ್ಟರು. ಆ ಸೈನಿಕರಿಗೆ ಕೊಟ್ಟ ರಕ್ಷಣೆ ಪತ್ರಗಳಲ್ಲಿ ಒಂದನ್ನು ರೋಜಾ ಗಂಡನ ಹೆಸರಿಗೆ ಮಾಡಿಸಿಕೊಂಡು ಬಂದರು. ಗಂಡ ಆ ಕೋಟೆಯಲ್ಲಿ ಹೋರಾಡಿದವರೇ ಅಲ್ಲ!

ಹುಟ್ಟೂರಿನ ಹೆಸರಿದ್ದ ಒಂದು ಹಾಳೆ ಅವರನ್ನು ಉಳಿಸಿತು. ನೀವು ಆ ಊರನ್ನು ಮೊದಲ ಸಾಲಿನಲ್ಲೇ ಬಿಟ್ಟುಬಂದಿದ್ದೀರಿ.

ಅವರು 1872ರಲ್ಲಿ ಬರೆದ ‘ಚಿನ್ನದ ಮನುಷ್ಯ’ ಕಾದಂಬರಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ವ್ಯಾಪಾರಿ ತೀಮಾರ್‌ಗೆ ಮುಳುಗಿದ ಹಡಗಿನ ಗೋಧಿ ಮೂಟೆಯಲ್ಲಿ ನಿಧಿ ಸಿಗುತ್ತದೆ. ಕೊಮಾರೋಮ್‌ನಲ್ಲಿ ದೊಡ್ಡ ಸಾಹುಕಾರನಾಗುತ್ತಾನೆ, ನೆಮ್ಮದಿ ಮಾತ್ರ ಇಲ್ಲ. ಅದು ಸಿಗುವುದು ಡ್ಯಾನ್ಯೂಬ್ ನದಿಯ ನಡುವಿನ ಒಂದು ದ್ವೀಪದಲ್ಲಿ. ಅದು ಯಾವ ಸರ್ಕಾರಕ್ಕೂ ಸೇರದ ಜಾಗ. ತಾರ್ದೋನಾದಲ್ಲಿ ಬಾಗಿಲ ಸದ್ದಿಗೆ ಬೆಚ್ಚುತ್ತಾ ದಿನ ನೂಕಿದ ಮನುಷ್ಯನಿಗೇ ಇಂಥ ದ್ವೀಪ ಹೊಳೆಯುವುದು ಅಂತ ನನಗನಿಸುತ್ತದೆ. ನೀವು ಹಾಗೆ ಬಿಡಿಸಿ ಹೇಳಬೇಡಿ. ಹಳ್ಳಿಯನ್ನೂ ದ್ವೀಪವನ್ನೂ ಹತ್ತಿರ ಹತ್ತಿರ ತಂದಿಡಿ, ಸಾಕು.

ಯೋಕಾಯಿ ತಮ್ಮ 74ನೇ ವಯಸ್ಸಿನಲ್ಲಿ 20ರ ಹುಡುಗಿಯನ್ನು ಮದುವೆಯಾದ ವಿಷಯಕ್ಕೆ ಒಂದೂವರೆ ಪುಟ ಜಾಸ್ತಿಯಾಯಿತು, ಒಂದು ಸಾಲು ಮಾಡಿ. ಅಲ್ಲಿ ಉಳಿದ ಜಾಗವನ್ನು ರೋಜಾಗೆ ಕೊಡಿ.

ಹನ್ನೆರಡು ಪುಟ ಐದಾಗಲಿ. ಮುಂದಿನ ತಿಂಗಳು ಹತ್ತನೇ ತಾರೀಕಿನೊಳಗೆ ಕಳಿಸಿ, ಜಾಗ ಇಟ್ಟಿರುತ್ತೇನೆ.