ಹೆಸರು ಯಾರದೋ, ಮನೆ ನಮ್ಮದು

ಪ್ರಶ್ನೆ: ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿದೆ. ಒಂದು ತಿಂಗಳಿಂದ ಯಾರೋ ಗೊತ್ತಿಲ್ಲದ ಹುಡುಗಿಯ ಹೆಸರಿಗೆ ಪಾರ್ಸೆಲ್ ಬರುತ್ತಿವೆ. ವಿಳಾಸ ಮಾತ್ರ ನಮ್ಮದೇ, ಕ್ರಾಸ್ ನಂಬರ್ ಸಹಿತ ಸರಿಯಾಗಿದೆ. ಮೊದಲನೆಯದನ್ನು ನಮ್ಮತ್ತೆ ಇಸ್ಕೊಂಡು ಇಟ್ಟರು. ಎರಡನೆಯದಕ್ಕೆ ನಾನೇ ತರಿಸಿದ್ದು ಅಂದ್ಕೊಂಡು 649 ರೂಪಾಯಿ ಕೊಟ್ಟೂಬಿಟ್ಟರು. ಮೊನ್ನೆ ಮೂರನೆಯದು ಬಂತು. ನಮ್ಮದಲ್ಲ ಅಂದರೆ ಡೆಲಿವರಿ ಹುಡುಗ "ಇಟ್ಕೋರಿ ಅಕ್ಕಾರ, ಅವ್ರ ಬಂದ್ ಒಯ್ತಾರ" ಅಂತ ಕಟ್ಟೆ ಮೇಲಿಟ್ಟು ಗಾಡಿ ಹತ್ತಿದ. ಬಿಚ್ಚಿ ನೋಡಬಹುದಾ? ಎಸೆದರೆ ತಪ್ಪಾ?

ಉತ್ತರ: ಬಿಚ್ಚಬೇಡಿ, ಎಸೆಯಲೂಬೇಡಿ. ಸಪ್ತಾಪುರ ಅಂದ ಕೂಡಲೇ ನನಗೆ ಮೊದಲು ಹೊಳೆದದ್ದು ಕೋಚಿಂಗ್ ಹುಡುಗರು. ಪರೀಕ್ಷೆಗೆ ಓದಲು ಬರುತ್ತಾರೆ, ರೂಮ್ ಹಿಡಿಯುತ್ತಾರೆ, ಆರು ತಿಂಗಳಿಗೆ ಖಾಲಿ ಮಾಡುತ್ತಾರೆ. ಆದರೆ ಮೊಬೈಲಿನ ಆ್ಯಪಿನಲ್ಲಿ ಹಳೇ ವಿಳಾಸ ಹಾಗೇ ಕೂತಿರುತ್ತದೆ, ಅವಸರದಲ್ಲಿ ಆರ್ಡರ್ ಒತ್ತಿದರೆ ಸಾಮಾನು ಸೀದಾ ನಿಮ್ಮ ಮನೆಗೆ. ನಿಮ್ಮ ಮಹಡಿಯಲ್ಲಿ ಬಾಡಿಗೆಗೆ ಇದ್ದವರು ಯಾರಾದರೂ ಇದ್ದರಾ? ಅವರಿಗೊಂದು ಫೋನ್ ಮಾಡಿ. ಅಕ್ಕಪಕ್ಕದ ಪಿಜಿಯಲ್ಲೂ ಕೇಳಿ. ಕ್ರಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹೆಸರಷ್ಟೇ ಹಾಕಿದರೆ ಸಾಕು. ಲೇಬಲ್ಲಿನ ಫೋಟೊ ಹಾಕಬೇಡಿ, ಆ ಹುಡುಗಿಯ ಫೋನ್ ನಂಬರ್ ಊರಿಗೆಲ್ಲ ಹಂಚಿದಂತಾಗುತ್ತದೆ.

ಯಾರೂ ಸಿಗಲಿಲ್ಲವಾ? ಲೇಬಲ್ಲಿನಲ್ಲಿ ಬಾರ್‌ಕೋಡಿನ ಹತ್ತಿರ ಉದ್ದನೆಯ ಟ್ರ್ಯಾಕಿಂಗ್ ನಂಬರ್ ಇರುತ್ತದೆ. ಕೊರಿಯರ್‌ನವರ ಸ್ವಂತ ವೆಬ್‌ಸೈಟ್ ತೆರೆದು ಅಲ್ಲಿರುವ ನಂಬರಿಗೆ ಫೋನ್ ಮಾಡಿ, ಟ್ರ್ಯಾಕಿಂಗ್ ನಂಬರ್ ಹೇಳಿ, ವಾಪಸ್ ಒಯ್ಯಿರಿ ಅನ್ನಿ. ಕಸ್ಟಮರ್ ಕೇರ್ ಅಂತ ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ನಂಬರಿಗೆ ಮಾತ್ರ ಮಾಡಬೇಡಿ, ಅಲ್ಲಿ ಮೋಸದ ನಂಬರ್‌ಗಳೂ ಇರುತ್ತವೆ. ಬಂದದ್ದು ಅಂಚೆಯಲ್ಲಾದರೆ ಇನ್ನೂ ಸುಲಭ: "ಈ ಹೆಸರಿನವರು ಈ ವಿಳಾಸದಲ್ಲಿಲ್ಲ" ಅಂತ ಮೇಲೆ ಬರೆದು ಪೋಸ್ಟ್‌ಮನ್ ಕೈಗೇ ಕೊಟ್ಟುಬಿಡಿ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ತಪ್ಪಿ ಬಂದ ಸಾಮಾನನ್ನು ಮಾಲೀಕರಿಗೆ ಮುಟ್ಟಿಸಲು ಇಟ್ಟುಕೊಂಡರೆ ಅಪರಾಧವಲ್ಲ. ಬೇರೆಯವರದು ಅಂತ ಗೊತ್ತಿದ್ದೂ ಬಳಸಿದರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಇದೆ, ಕನಿಷ್ಠ 6 ತಿಂಗಳಿಂದ 2 ವರ್ಷದವರೆಗೆ ಜೈಲು ಮತ್ತು ದಂಡ. ಒಂದು ಕುರ್ತಾಕ್ಕೆ ಯಾರೂ ಪೊಲೀಸ್ ಸ್ಟೇಷನ್ನಿಗೆ ಹೋಗಲಿಕ್ಕಿಲ್ಲ, ನಿಜ. ಆದರೂ ಯಾಕೆ ಬೇಕು?

ಇನ್ನು 649 ರೂಪಾಯಿ. ಆರ್ಡರ್ ಆ ಹುಡುಗಿಯ ಖಾತೆಯಲ್ಲಿರುವುದರಿಂದ ಕಂಪನಿ ನಿಮಗೆ ಸುಲಭವಾಗಿ ದುಡ್ಡು ಕೊಡುವುದಿಲ್ಲ. ಅವಳು ಸಿಕ್ಕರೆ ಪಾರ್ಸೆಲ್ ಕೊಟ್ಟು ದುಡ್ಡು ಇಸ್ಕೊಳ್ಳಿ. ಸಿಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಆ ಹೆಸರಿನವರೇ ಇಲ್ಲದೆ ಬರೀ ದುಡ್ಡಿಗಾಗಿ ಕಳಿಸುವ ಮೋಸವೂ ಉಂಟು. ಅದಕ್ಕೇ ಅತ್ತೆಯವರಿಗೆ ಇಷ್ಟು ಹೇಳಿಡಿ: ಮನೆಯವರನ್ನು ಕೇಳದೆ ದುಡ್ಡು ಕೊಡಬೇಡಿ, ಬಾಗಿಲಲ್ಲೇ "ನಮ್ದಲ್ರಿ, ವಾಪಸ್ ಒಯ್ರಿ" ಅಂದುಬಿಡಿ. ಆರ್ಡರ್ ಕ್ಯಾನ್ಸಲ್ ಮಾಡಲು ಓಟಿಪಿ ಹೇಳಿ ಅಂತ ಯಾರಾದರೂ ಕೇಳಿದರೆ ಹೇಳಲೇಬೇಡಿ. *401* ಅಂತ ಶುರುವಾಗುವ ನಂಬರ್ ಒತ್ತಿ ಅಂದರೂ ಒತ್ತಬೇಡಿ, ನಿಮ್ಮ ಕರೆಗಳು ಮೋಸಗಾರರ ಫೋನಿಗೆ ತಿರುಗಿಬಿಡಬಹುದು. ದುಡ್ಡು ಹೋಯಿತು ಅಂದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೇಗ ಮಾಡಿ ಅನ್ನಲು ಕಾರಣವಿದೆ. ನಮ್ಮ ಮನೆಗೂ ಹೀಗೇ ಒಂದು ಡಬ್ಬಿ ಬಂದಿತ್ತು. ಅವ್ವ ಅದನ್ನು ದೇವರ ಮನೆಯ ಮಾಡದಲ್ಲಿಟ್ಟು, ಯಾರೋ ಬರ್ತಾರೆ ಅಂತ ಸುಮ್ನೆ ಕೂತಳು. ಹದಿನೈದು ದಿನಕ್ಕೆ ಹಿಂದಿನ ಓಣಿಯ ಹುಡುಗ ಹುಡುಕಿಕೊಂಡು ಬಂದ. ಒಳಗಿದ್ದದ್ದು ಪರೀಕ್ಷೆಯ ಪುಸ್ತಕ, ಪರೀಕ್ಷೆ ಹಿಂದಿನ ಭಾನುವಾರವೇ ಮುಗಿದಿತ್ತು. ಅವ್ವ ಅವನಿಗೆ ಚಹಾ ಕೊಟ್ಟಳು, ಮತ್ತೇನು ಮಾಡೋದು!

ಪ್ರಶ್ನೆ: ನನ್ನದು ಉಲ್ಟಾ ಕಥೆ. ಹಾವೇರಿ ವಿದ್ಯಾನಗರದ ನನ್ನ ವಿಳಾಸಕ್ಕೆ ತರಿಸಿದ ಮಿಕ್ಸಿ 'ತಲುಪಿದೆ' ಅಂತ ಆ್ಯಪ್ ತೋರಿಸುತ್ತಿದೆ. ನನಗಂತೂ ಬಂದಿಲ್ಲ.

ಉತ್ತರ: ಹುಬ್ಬಳ್ಳಿಯಲ್ಲೂ ವಿದ್ಯಾನಗರ ಇದೆಯಲ್ಲ! ಆರ್ಡರಿನಲ್ಲಿ ಪಿನ್ 581110 ಅಂತಲೇ ಇದೆಯಾ ಮೊದಲು ನೋಡಿ. ಸರಿಯಿದ್ದರೆ, ಯಾರ ಕೈಗೆ ಕೊಟ್ಟರು, ಫೋಟೊ ಎಲ್ಲಿ, ಓಟಿಪಿ ಯಾರು ಹೇಳಿದರು ಅಂತ ಕಂಪನಿಯ ದೂರು ಅಧಿಕಾರಿಗೆ ಬರೆದು ಕೇಳಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆ ಅನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅಷ್ಟರೊಳಗೆ ಪಕ್ಕದ ಕ್ರಾಸಿನಲ್ಲೂ ಒಮ್ಮೆ ವಿಚಾರಿಸಿ. ಯಾರದೋ ಮನೆ ಕಟ್ಟೆ ಮೇಲೆ ಕೂತಿದ್ದರೂ ಕೂತಿರಬಹುದು.